ತಂಗಿಯ ಕಛೇರಿಗೆ ಬಂದ ವಿಮರ್ಶಕ

ನನ್ನ ಸೋದರಮಾವನ ಬಲಗಿವಿ ಎಡಗಿವಿಗಿಂತ ದೊಡ್ಡದಿತ್ತು ಎಂದು ನನ್ನ ನೆನಪು. ಮನೆಯಲ್ಲಿರುವ ಫೋಟೋಗಳನ್ನು ತೆಗೆದು ನೋಡಿದರೆ ಎರಡೂ ಒಂದೇ ಅಳತೆಯವು. ಸಂಗೀತ ಕಛೇರಿಗಳಲ್ಲಿ ಅವರು ಕೊನೆಯ ಸಾಲಿನಲ್ಲಿ ಕೂತು, ಬಲಗಿವಿಯ ಹಿಂದೆ ಅಂಗೈ ಒಡ್ಡಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ಆ ಕೈಯನ್ನೂ ಸೇರಿಸಿಯೇ ನಾನು ಕಿವಿಯನ್ನು ನೆನಪಿಟ್ಟುಕೊಂಡಿರಬೇಕು. ಮುಂದೆ ಬರೆಯುವುದರಲ್ಲಿಯೂ ಇಂಥ ತಪ್ಪುಗಳು ಇರಬಹುದು.

ಮಾವ ಬನ್ನಂಜೆಯಲ್ಲಿದ್ದರು. ಮಣಿಪಾಲದಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದರು, ಊರಿನ ಪತ್ರಿಕೆಯೊಂದಕ್ಕೆ ಸಂಗೀತ ವಿಮರ್ಶೆ ಬರೆಯುತ್ತಿದ್ದರು. ಸ್ಕೂಟರಿನಲ್ಲಿ ಕಾರ್ಕಳದವರೆಗೂ ಹೋಗಿ ಕಛೇರಿ ಕೇಳುತ್ತಿದ್ದರು. ಸಂಘಟಕರ ಕಾಫಿ ಕುಡಿಯುತ್ತಿರಲಿಲ್ಲ. ಚೀಲದಲ್ಲಿ ಸ್ವಂತ ಫ್ಲಾಸ್ಕ್ ಇರುತ್ತಿತ್ತು. ಮಂಗಳ ಮುಗಿದೊಡನೆ ಯಾರಿಗೂ ಮುಖ ಕೊಡದೆ ಹೊರಟುಬಿಡುತ್ತಿದ್ದರು. ನಮ್ಮಂಥ ಸಣ್ಣ ಊರಿನಲ್ಲಿ ಹಾಡುವವರೆಲ್ಲ ಯಾರಿಗಾದರೂ ನೆಂಟರೇ. ಆದ್ದರಿಂದ ಮಾವನಿಗೆ ಮದುವೆಗಳ ಕರೆಯೋಲೆ ಕಡಿಮೆ ಬರುತ್ತಿತ್ತು.

ಅವರ ನಿಜವಾದ ವಿದ್ವತ್ತು ಇದ್ದದ್ದು ಬ್ಲೂಸ್‌ನಲ್ಲಿ. ಅಮೆರಿಕದ ಹತ್ತಿಹೊಲಗಳಲ್ಲಿ ದುಡಿದ ಕಪ್ಪುಜನರು ಕಟ್ಟಿಕೊಂಡ ಹಾಡುಗಾರಿಕೆ ಅದು. ಓದಲು ಬಂದಿದ್ದ ಹೊರದೇಶದ ಹುಡುಗನೊಬ್ಬ ಬಿಟ್ಟುಹೋದ ಕ್ಯಾಸೆಟ್ಟುಗಳಿಂದ ಅದರ ಹುಚ್ಚು ಅವರಿಗೆ ಹತ್ತಿತಂತೆ. ಆ ಗಾಯಕರು ಗಾಂಧಾರವನ್ನು ಇರಬೇಕಾದ ಜಾಗಕ್ಕಿಂತ ತುಸು ಕೆಳಗೆ ಜಗ್ಗಿ ಹಾಡುತ್ತಾರೆ. ನೋವೆಲ್ಲ ಅಲ್ಲಿ ಕೂತಿರುತ್ತದೆ ಎನ್ನುತ್ತಿದ್ದರು. ಆ ಒಂದು ಸ್ವರದ ಮೇಲೆಯೇ ಅವರು ಬರೆದ ಪುಸ್ತಕವನ್ನು ಹೊರದೇಶದ ವಿದ್ವಾಂಸರು ಓದಿದರು. ಉಡುಪಿಯಲ್ಲಿ ಓದಿದವರನ್ನು ನಾನು ಕಂಡಿಲ್ಲ. ಹಾಡು ಹುಟ್ಟಿದ ಊರುಗಳನ್ನು ಮಾವ ಕೊನೆಗೂ ನೋಡಲಿಲ್ಲ.

"ಅಮೆರಿಕದವರು ಅಳುವುದನ್ನು ಕೇಳಲಿಕ್ಕೆ ನಿಮಗೆ ಸಂಬಳ ಉಂಟಾ ಮಾರಾಯ್ರೆ?" ಎಂದು ಸಂತೆಕಟ್ಟೆಯ ಗೆಳೆಯರೊಬ್ಬರು ಕೆಣಕಿದ್ದರು.

"ಇಲ್ಲ. ನೀವು ಜೋಕು ಹೇಳುವುದನ್ನು ಕೇಳಲಿಕ್ಕೂ ಇಲ್ಲ," ಎಂದರು ಮಾವ.

ನಮ್ಮ ತುಳು ಹಾಡುಕತೆ ಪಾಡ್ದನವೂ ಒಂದು ರೀತಿಯ ಬ್ಲೂಸ್ ಅಲ್ವಾ ಎಂದು ವಿಚಾರಸಂಕಿರಣಗಳಲ್ಲಿ ಯಾರಾದರೂ ಕೇಳಿಯೇ ಕೇಳುತ್ತಿದ್ದರು. ಹೌದು ಎಂದಿದ್ದರೆ ಚಪ್ಪಾಳೆ ಸಿಗುತ್ತಿತ್ತು. ಮಾವ "ಮೊದಲು ಎರಡನ್ನೂ ಪೂರ್ತಿ ಕೇಳಿ, ಆಮೇಲೆ ಹೋಲಿಸುವ" ಎಂದು ಕೂತುಬಿಡುತ್ತಿದ್ದರು. ನಾನು ಯಾವುದಾದರೂ ಹಾಡು ಇಷ್ಟವಾಯಿತು ಎಂದರೆ, "ಅದು ಊಟದ ಪಂಕ್ತಿಯಲ್ಲಿ ಹೇಳುವ ಮಾತು. ಎಂತ ಕೇಳಿಸಿತು, ಅದನ್ನು ಹೇಳು," ಎನ್ನುತ್ತಿದ್ದರು. ಇವತ್ತಿಗೂ ಏನನ್ನಾದರೂ ಬರೆಯುವ ಮೊದಲು ನಾನು ಈ ಪ್ರಶ್ನೆಯನ್ನು ಕೇಳಿಕೊಳ್ಳುತ್ತೇನೆ.

ಇನ್ನು ಅಮ್ಮನ ವಿಷಯ. ಅಮ್ಮ ಮಾವನ ಒಬ್ಬಳೇ ತಂಗಿ, ಗಾಯಕಿ. ಮಕ್ಕಳಿಗೆ ಪಾಠ ಹೇಳುತ್ತ, ನವರಾತ್ರಿಯಲ್ಲಿ ಅಲ್ಲಲ್ಲಿ ಹಾಡುತ್ತ ಆಗಷ್ಟೇ ಹೆಸರು ಮಾಡುತ್ತಿದ್ದಳು. ಒಂದು ಸಂಜೆಯ ಕಛೇರಿಗೆ ಮಾವನೂ ಬಂದರು. ಅದು ಎಲ್ಲೂರಿನಲ್ಲಿ ಎಂದು ನಾನು ಹೇಳುತ್ತೇನೆ, ಕಾರ್ಕಳದಲ್ಲಿ ಎಂದು ಅಮ್ಮ. ಕಲ್ಯಾಣಿ ರಾಗವನ್ನು ವಿಸ್ತಾರವಾಗಿ ಹಾಡಿದ್ದಂತೂ ಹೌದು. ಮರುವಾರ ಪತ್ರಿಕೆಯಲ್ಲಿ ಬಂತು: ರಾಗ ಬೆಳೆಸುವ ಮನೋಧರ್ಮ ಚೆನ್ನಾಗಿದೆ, ಆದರೆ ಗಾಂಧಾರ ಹಲವು ಕಡೆ ಶ್ರುತಿಗಿಂತ ಕೆಳಗೆ ನಿಂತಿತು, ಗಾಯಕಿ ಇದನ್ನು ಗಮನಿಸಬೇಕು. ಕೆಳಗೆ ಮಾವನ ಹೆಸರು.

ಅಪ್ಪ ವಾತಾವರಣ ಹಗುರ ಮಾಡಲು ನೋಡಿದರು. "ಭಾನುವಾರ ನಿನ್ನ ಅಣ್ಣ ಊಟಕ್ಕೆ ಬರ್ತಾರಲ್ಲ, ಸಾರಿಗೆ ಉಪ್ಪು ಹಾಕಬೇಡ."

"ಹಾಕ್ತೇನೆ. ಇಲ್ಲದಿದ್ದರೆ ಅದನ್ನೂ ಬರೆದಾರು," ಎಂದಳು ಅಮ್ಮ.

ಮಾವ ಬಂದರು, ಉಂಡರು, ಹೋದರು. ಆ ಮಾತು ಯಾರೂ ಎತ್ತಲಿಲ್ಲ. ಆದರೆ ಮುಂದಿನ ಕಛೇರಿಗೆ ಕರೆ ಬಂದಾಗ ಅಮ್ಮ ಗಂಟಲು ಸರಿಯಿಲ್ಲ ಎಂದಳು, ಅದರ ಮುಂದಿನದಕ್ಕೂ ಅದನ್ನೇ ಹೇಳಿದಳು. ಕ್ರಮೇಣ ಕರೆ ನಿಂತಿತು. ಪಾಠವನ್ನೂ ಬಿಟ್ಟಳು. ಇದಕ್ಕೆಲ್ಲ ಆ ವಿಮರ್ಶೆಯೇ ಕಾರಣವೋ, ಅಥವಾ ನಾನು ನಂತರ ಹಾಗೆ ಜೋಡಿಸಿಕೊಂಡೆನೋ, ಖಚಿತವಾಗಿ ಹೇಳಲಾರೆ. ಅಣ್ಣತಂಗಿ ಎಂದಿನಂತೆ ಮಾತಾಡಿಕೊಂಡೇ ಇದ್ದರು, ಸಂಗೀತವೊಂದನ್ನು ಬಿಟ್ಟು.

ವಿಶ್ವವಿದ್ಯಾನಿಲಯದ ರಜೆಯಲ್ಲಿ ಬಂದಾಗ ನಾನು ಮಾವನ ಹತ್ತಿರ ಜಗಳಕ್ಕೇ ಹೋದೆ. "ಆ ಬ್ಲೂಸಿನವರು ಗಾಂಧಾರ ಇಳಿಸಿ ಹಾಡಿದರೆ ನೀವು ಪುಸ್ತಕ ಬರೆಯುತ್ತೀರಿ. ಅಮ್ಮ ಹಾಡಿದರೆ ತಪ್ಪಾ?"

ಮಾವನಿಗೆ ಸಿಟ್ಟು ಬರಲಿಲ್ಲ. "ಅವರಿಗೆ ಎಲ್ಲಿಗೆ ಹೋಗ್ತಾ ಇದ್ದೇವೆ ಅಂತ ಗೊತ್ತುಂಟು. ನಿನ್ನ ಅಮ್ಮನಿಗೆ ಆ ದಿನ ಗೊತ್ತಿರಲಿಲ್ಲ."

"ಬರೆಯದೆ ಬಿಡಬಹುದಿತ್ತಲ್ಲ?"

"ತಂಗಿ ಅಂತ ಬಿಟ್ಟರೆ, ನಾಳೆ ಇನ್ನೊಬ್ಬರ ತಂಗಿಯ ಬಗ್ಗೆ ಬರೆಯಲಿಕ್ಕೆ ನನಗೆ ಯಾವ ಮುಖ ಉಂಟು?" ಆಮೇಲೆ, "ಅವಳು ಸರಿ ಮಾಡಿಕೊಂಡು ಪುನಃ ಹಾಡ್ತಾಳೆ ಅಂತ ನಾನು ಎಣಿಸಿದ್ದು," ಎಂದರು.

ಈ ಕೊನೆಯ ಮಾತನ್ನು ಅವರು ಅಂದೇ ಹೇಳಿದರೋ, ವರ್ಷಗಳ ನಂತರವೋ. ಹೇಳಿದ್ದಂತೂ ನಿಜ.

ಮಾವನ ಕೊನೆಯ ದಿನಗಳು ಮಣಿಪಾಲದ ಆಸ್ಪತ್ರೆಯಲ್ಲಿ ಕಳೆದವು. ಅಮ್ಮ ಕಾಪುವಿನ ಮನೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಒಂದು ಮಧ್ಯಾಹ್ನ ನಾನು ಔಷಧಿ ತರಲು ಕೆಳಗಿಳಿದೆ. ಹಿಂದಿರುಗುವಾಗ ವಾರ್ಡಿನ ಬಾಗಿಲಲ್ಲಿ ಇಬ್ಬರು ನರ್ಸುಗಳು ನಿಂತಿದ್ದರು. ಒಳಗೆ ಅಮ್ಮ ಮಂಚದ ಕಂಬಿಯ ಮೇಲೆ ತಾಳ ಹಾಕುತ್ತ ಕಲ್ಯಾಣಿ ಹಾಡುತ್ತಿದ್ದಳು. ದನಿ ಒಡೆದಿತ್ತು, ಉಸಿರು ಸಾಲುತ್ತಿರಲಿಲ್ಲ. ಗಾಂಧಾರ ಎಲ್ಲಿ ನಿಂತಿತು ಎಂದು ತಿಳಿಯುವಷ್ಟು ನನ್ನ ಕಿವಿ ಪಳಗಿಲ್ಲ. ಮುಗಿದ ಮೇಲೆ ಮಾವ ಏನೋ ಹೇಳಿದರು. ಅಮ್ಮ ಬಗ್ಗಿ ಕೇಳಿದಳು. ಅಷ್ಟರಲ್ಲಿ ಊಟದ ಗಾಡಿ ಬಂತು, ತಟ್ಟೆಗಳ ಸದ್ದಿನಲ್ಲಿ ನನಗೆ ಏನೂ ಕೇಳಲಿಲ್ಲ.

ಅಮ್ಮ ನನ್ನತ್ತ ತಿರುಗಿ, "ಔಷಧಿ ಸಿಕ್ಕಿತಾ?" ಎಂದಳು.

ಆ ವಾರವೇ ಮಾವ ತೀರಿಕೊಂಡರು. ಪತ್ರಿಕೆಯಲ್ಲಿ ಸಣ್ಣ ಸುದ್ದಿ ಬಂತು, ಹೊರದೇಶದಿಂದ ಕೆಲವು ದೊಡ್ಡ ಲೇಖನಗಳು ಬಂದವು. ಅವುಗಳನ್ನು ನಾನು ಅಮ್ಮನಿಗೆ ಓದಿ ಹೇಳಿದೆ. ಮನೆಯಲ್ಲಿ ಅವಳು ಹಾಡಿದ್ದನ್ನು ನಾನು ಇನ್ನೂ ಕೇಳಿಲ್ಲ. ನಾನಿಲ್ಲದಾಗ ಹಾಡುತ್ತಾಳೋ ಏನೋ.

ಕಳೆದ ತಿಂಗಳು ಕಾಪುವಿನ ಮನೆಯ ಅಡುಗೆಕೋಣೆಯಲ್ಲಿ ಅವಳು ಬಸಳೆ ಹೆಚ್ಚುತ್ತಿದ್ದಾಗ ಕೇಳಿಯೇಬಿಟ್ಟೆ.

"ಅಮ್ಮ, ಆ ದಿನ ಆಸ್ಪತ್ರೆಯಲ್ಲಿ ನೀನು ಹಾಡಿದ ಮೇಲೆ ಮಾವ ಎಂತ ಹೇಳಿದರು?"

"ಅವರಿಗೆ ಎಂತ ಕೇಳಿಸಿತೋ ಅದನ್ನು," ಎಂದಳು ಅಮ್ಮ, ಹೆಚ್ಚುವುದನ್ನು ನಿಲ್ಲಿಸದೆ.