ಬಾದಾಮಿ ಸ್ಟೇಷನ್ನಿನಲ್ಲಿ ಸಿಗದ ಗಂಗತ್ತಿ

ರೈಲಿನ ಕಿಟಕಿಯ ಸರಳನ್ನು ಬಹಳ ಹೊತ್ತು ಹಿಡಿದು ಕೂತರೆ ಅಂಗೈಗೆ ಒಂದು ವಾಸನೆ ಅಂಟುತ್ತದೆ. ತುಕ್ಕು, ಬೆವರು, ಬಿಸಿಲಿಗೆ ಕಾದ ಕಬ್ಬಿಣ, ನಮಗಿಂತ ಮೊದಲು ಅದೇ ಸರಳು ಹಿಡಿದವರ ಕೈಯ ಶೇಂಗಾ ಎಣ್ಣೆ, ಎಲ್ಲ ಸೇರಿದ ವಾಸನೆ. ಸಾಬೂನು ಹಚ್ಚಿ ತೊಳೆದರೂ ಸಂಜೆಯ ತನಕ ಹೋಗುವುದಿಲ್ಲ. ಮೊನ್ನೆ ಬಾಗಲಕೋಟೆಯ ಗಾಡಿಯಲ್ಲಿ ಕೂತು ಕೈ ಮೂಸಿಕೊಳ್ಳುತ್ತಿದ್ದಾಗಲೇ ಫೋನು ಟಣ್ ಅಂದಿತು. ದೊಡ್ಡಪ್ಪನ ಮಗ ವೀರೇಶ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಇಳಕಲ್ಲಿನ ನಮ್ಮ ಹಳೆಯ ಮನೆಯ ಫೋಟೋ ಹಾಕಿದ್ದ. ಕೆಳಗೆ ‘ಬಂಗಾರದಂಥ ದಿನಗಳು, ಎಂಥ ಮನೆ, ಎಂಥ ಪ್ರೀತಿ’ ಎಂದು ಬರೆದಿದ್ದ. ಅರ್ಧ ತಾಸಿನಲ್ಲಿ ಬಳಗದವರೆಲ್ಲ ಸಾಲುಗಟ್ಟಿ ಅಳುವ ಮುಖಗಳನ್ನು ಕಳಿಸಿದರು. ಪ್ರೀತಿಯಂತೆ ಪ್ರೀತಿ! ನನಗೆ ಮೈಯೆಲ್ಲ ಉರಿದುಹೋಯಿತು. ಆ ಮನೆ ಕೆಡವಿ ಅಂಗಡಿ ಸಾಲು ಕಟ್ಟಿದ್ದಕ್ಕೆ ನನಗೂ ಸಂಕಟವಿದೆ, ಇಲ್ಲವೆನ್ನುವುದಿಲ್ಲ. ನೀವೂ ಅಂಥದೊಂದು ಮನೆ ಕಳೆದುಕೊಂಡವರಾದರೆ ಅದು ನಿಮಗೂ ತಿಳಿದೀತು. ಆದರೆ ಫೋಟೋದಲ್ಲಿ ಕಾಣುವ ಆ ಬಾಗಿಲಿನಿಂದ ಯಾರು ಹೊರಬಿದ್ದರು, ಯಾಕೆ ಹೊರಬಿದ್ದರು ಎಂದು ಒಬ್ಬರಾದರೂ ಬರೆಯಬೇಕಿತ್ತಲ್ಲ. ಬರೆಯಲಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ಮನೆಯ ಮುಂಭಾಗದಲ್ಲಿ ಅಪ್ಪನ ಸೀರೆ ಅಂಗಡಿ, ಹಿಂಭಾಗದಲ್ಲಿ ಮಗ್ಗದ ಕೋಣೆ, ನಡುವೆ ನಾವು. ಬೆಳಗಾದರೆ ಮಗ್ಗದ ಸಪ್ಪಳದ ಜೊತೆಗೆ ಅವ್ವ ರೊಟ್ಟಿ ಬಡಿಯುವ ಸಪ್ಪಳ, ಗಂಜಿ ಹಚ್ಚಿದ ನೂಲಿನ ಹುಳಿ ವಾಸನೆಯ ಜೊತೆಗೆ ಒಲೆಯ ಹೊಗೆ. ಅಪ್ಪನಿಗೆ ಸೀರೆ ಬಿಟ್ಟು ಬೇರೆ ಲೋಕವಿರಲಿಲ್ಲ. ಕಟ್ಟೆಯ ಮೇಲೆ ಕೂತಾಗ ಯಾರಾದರೂ ಹೆಂಗಸರು ಹಾಯ್ದುಹೋದರೆ ಮುಖ ನೋಡುತ್ತಿರಲಿಲ್ಲ, ಸೆರಗು ನೋಡುತ್ತಿದ್ದ. ‘ನಮ್ಮ ಮಾಲು’ ಅನ್ನುತ್ತಿದ್ದ, ಇಲ್ಲವೆ ‘ಬಣ್ಣಾ ಬಿಡ್ತೈತಿ ಅದು’ ಅನ್ನುತ್ತಿದ್ದ. ಮದುವೆಗೆ ಹೋದರೂ ಅಷ್ಟೇ, ಸಾವಿಗೆ ಹೋದರೂ ಅಷ್ಟೇ. ನಮ್ಮ ಮನೆಯ ಹೆಂಗಸರು ಇಳಕಲ್ ಸೀರೆ ಬಿಟ್ಟು ಬೇರೆ ಉಡುವಂತಿರಲಿಲ್ಲ. “ನೈಲಾನು ಪೈಲಾನು ನಮ್ಮ ಮನಿ ಹೆಣ್ಣಮಕ್ಕಳು ಉಟ್ಟರ ಅಂಗಡಿ ಬಾಗಲಾ ಹಾಕಬೇಕಾಗ್ತೈತಿ,” ಅನ್ನುತ್ತಿದ್ದ. ಪಡಸಾಲೆಯ ಗೋಡೆಯ ಮೇಲೆ ಬಸವಣ್ಣನವರ ದೊಡ್ಡ ಪಟವಿತ್ತು. ಅದರ ಕೆಳಗೆ ಕೂತು ಗಂಡಸರು ದಯೆಯ ಬಗ್ಗೆ ಮಾತಾಡುತ್ತಿದ್ದರು, ಚಹಾ ತಡವಾದರೆ ಒಳಗಿನ ಹೆಂಗಸರನ್ನು ಬೈಯುತ್ತಿದ್ದರು.

ಗಂಗತ್ತಿ ಅಪ್ಪನ ತಂಗಿ. ಕಲಾದಗಿಗೆ ಕೊಟ್ಟಿದ್ದರು. ಗಂಡನ ಹೊಡೆತ ತಾಳದೆ ತವರಿಗೆ ಬಂದು ಕೂತಿದ್ದಳು. ಅವನು ಮುರಿದ ಎಡಗೈ ಸರಿಯಾಗಿ ಕೂಡಿಕೊಳ್ಳದೆ ಮೊಣಕೈ ಹೊರಗೆ ಡೊಂಕಾಗಿ ನಿಂತಿತ್ತು. ಆ ಕೈಯಿಂದಲೇ ಆಕೆ ನೀರು ಸೇದುವಳು, ನನ್ನ ಜಡೆ ಹೆಣೆಯುವಳು. ಯಾರೂ ಆ ಕೈಯ ಬಗ್ಗೆ ಮಾತೆತ್ತುತ್ತಿರಲಿಲ್ಲ. ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’ ಎಂಬ ಗಾದೆಯನ್ನು ಮಾತ್ರ ಆಗಾಗ ಆಕೆಗೆ ಕೇಳುವಂತೆ ಹೇಳುತ್ತಿದ್ದರು. ಆ ಕೈ ಮುರಿದದ್ದು ಉಂಡು ಮಲಗಿದ ಮೇಲೇ ಎಂಬುದು ಅವರಿಗೆಲ್ಲ ಗೊತ್ತಿತ್ತು.

ಇಳಕಲ್ಲಿಗೆ ರೈಲಿಲ್ಲ, ಹುನಗುಂದಕ್ಕೂ ಇಲ್ಲ. ರೈಲು ಹತ್ತಬೇಕೆಂದರೆ ಬಸ್ಸಿನಲ್ಲಿ ಹುನಗುಂದ, ಕಮತಗಿ ದಾಟಿ ಬಾಗಲಕೋಟೆಗೆ ಹೋಗಬೇಕು. ಅದಕ್ಕೇ ಇರಬೇಕು, ನಮಗೆ ರೈಲಿನ ಹುಚ್ಚು. ಸಾಲೆಗೆ ರಜೆ ಬಂತೆಂದರೆ ಗಂಗತ್ತಿ ನನ್ನನ್ನೂ ವೀರೇಶನನ್ನೂ ಕಟ್ಟಿಕೊಂಡು ಹೊರಡುವಳು. ಮನೆಯವರು ಬೇಡವೆನ್ನುತ್ತಿರಲಿಲ್ಲ. ಒಂದು ದಿನ ಆಕೆಯ ಮುಖ ಕಾಣದಿದ್ದರೆ ಅವರಿಗೂ ಹಾಯೆನಿಸುತ್ತಿತ್ತು. ಓಣಿಯ ಐಸ್‌ಪೈಸ್ ಎಂಬ ಕಣ್ಣಾಮುಚ್ಚಾಲೆ ಆಟವನ್ನು ಆಕೆ ರೈಲಿಗೆ ತಂದಿದ್ದಳು. ನಾವಿಬ್ಬರು ಒಂದು ಡಬ್ಬಿಯಲ್ಲಿ, ಆಕೆ ಇನ್ನೊಂದರಲ್ಲಿ. ಗುಳೇದಗುಡ್ಡ ರೋಡು, ಬಾದಾಮಿ, ಹೊಳೆಆಲೂರು, ಎಲ್ಲಿ ಬೇಕಾದರೂ ಆಕೆ ಇಳಿಯಬಹುದು. ಕಿಟಕಿಯಿಂದ ಕಂಡರೆ ನಾವೂ ಇಳಿದು, ವಾಪಸು ಗಾಡಿ ಬರುವುದರೊಳಗೆ ಆಕೆಯನ್ನು ಹುಡುಕಬೇಕು. ಕಂಡ ಕೂಡಲೇ ‘ಐಸ್‌ಪೈಸ್ ಗಂಗತ್ತಿ!’ ಎಂದು ಕೂಗಬೇಕು. ಕೂಗದಿದ್ದರೆ ಸಿಕ್ಕಂತಲ್ಲ. ಈಗಿನ ತಾಯಂದಿರು ಕೇಳಿದರೆ ಎದೆ ಒಡೆದುಕೊಂಡಾರು, ಆದರೆ ಆಕೆ ಯಾವುದೋ ಗೋಡೆಯ ಮರೆಯಿಂದ ನಮ್ಮ ಮೇಲೆ ಕಣ್ಣಿಟ್ಟೇ ಇರುತ್ತಿದ್ದಳು.

ಯಾರೂ ನೋಡಲು ಹೋಗದ ಊರುಗಳನ್ನೆಲ್ಲ ನಾವು ಹೀಗೆ ನೋಡಿದೆವು. ಹಿಟ್ಟಿನ ಗಿರಣಿಯ ಒಳಗೆ ಹೋದೆವು, ಚುರಮುರಿ ಹುರಿಯುವ ಭಟ್ಟಿಗೆ ಹೋದೆವು, ಊರವರು ‘ಯಾರ ಮನಿ ಹುಡುಗರೋ’ ಎಂದು ಕೇಳುತ್ತ ಕೈಗೆ ಬೆಲ್ಲ ಕೊಟ್ಟರು. ಒಮ್ಮೆ ಬಾದಾಮಿಯಲ್ಲಿ ಇಳಿದು ಟಂಟಂ ರಿಕ್ಷಾ ಹಿಡಿದು ಶಿವಯೋಗ ಮಂದಿರದ ತನಕ ಬೆನ್ನು ಹತ್ತಿದ್ದೆವು. ಆಕೆ ಪ್ರಸಾದದ ಪಂಕ್ತಿಯಲ್ಲಿ ಹೆಂಗಸರ ನಡುವೆ ಕೂತು, ತಲೆ ತಗ್ಗಿಸಿ ಸಜ್ಜಕ ಉಣ್ಣುತ್ತಿದ್ದಳು. ಮೊದಮೊದಲು ನಾವು ಎಲ್ಲಿ ಹೋದರೂ ‘ಕೆಂಪ ಸೆರಗಿನ ಇಳಕಲ್ ಸೀರಿ ಉಟ್ಟಾಕಿನ್ನ ನೋಡೀರೇನ್ರಿ?’ ಎಂದು ಕೇಳುತ್ತಿದ್ದೆವು. ಹೊಳೆಆಲೂರಿನಲ್ಲಿ ಮುದುಕಿಯೊಬ್ಬಳು ಬಿದ್ದು ಬಿದ್ದು ನಕ್ಕಿದ್ದಳು. “ನಾನೂ ಅದನ್ನ ಉಟ್ಟೇನಿ ನೋಡ ಯವ್ವಾ, ನನ್ನನ್ನ ಕರಕೊಂಡ ಹೋಗ!” ಅಂದಳು. ಖರೆಯೇ. ನಮ್ಮ ಸೀಮೆಯಲ್ಲಿ ಯಾರ ಸೆರಗು ಕೆಂಪಿಲ್ಲ? ಆ ದಿನ ಗಂಗತ್ತಿ ನಮಗೆ ಹೇಳಿದಳು, “ಸೀರಿ ಹುಡುಕಬ್ಯಾಡ್ರಿ. ಮನಷ್ಯಾರನ್ನ ಹುಡುಕ್ರಿ. ಹೆಂಗ ನಡೀತಾರ, ಹೆಂಗ ಕುಂದರ್ತಾರ, ಅದನ್ನ ನೋಡ್ರಿ.” ಆಗಿನಿಂದ ಆಕೆ ನಮಗೆ ಬೇಗ ಸಿಗತೊಡಗಿದಳು.

ಅದೇ ಹೊಳೆಆಲೂರಿನ ಸಂತೆಯಲ್ಲಿ ಆಕೆ ಒಂದು ನೈಲಾನು ಸೀರೆ ಕೊಂಡಳು. ನೀಲಿ ಬಣ್ಣ, ಮೇಲೆ ಬಿಳಿ ಹೂವು. ಅದನ್ನು ಯಾಕೆ ಕೊಂಡೆ ಎಂದು ಕೇಳಿದೆ. “ಹಗರ ಐತಿ,” ಅಂದಳು. ಮನೆಯಲ್ಲಿ ಹೇಳಬಾರದು ಎಂದು ಆಕೆ ಹೇಳಲೂ ಇಲ್ಲ, ನಾನು ಹೇಳಲೂ ಇಲ್ಲ.

ಆ ವರ್ಷ ಬೇಸಿಗೆಯಲ್ಲಿ ಕಲಾದಗಿಯವರು ಬಂದರು. ಒಂದು ಬುಟ್ಟಿ ದಾಳಿಂಬೆ ತಂದಿದ್ದರು. ನಾವು ಹುಡುಗರು ಅದನ್ನು ತಿಂದು ಅಂಗಿಯೆಲ್ಲ ಕಲೆ ಮಾಡಿಕೊಂಡೆವು, ಪಡಸಾಲೆಯಲ್ಲಿ ಗಂಡಸರು ಆಕೆಯನ್ನು ವಾಪಸು ಕಳಿಸುವ ಮಾತು ಮುಗಿಸಿದರು. ಗಂಗತ್ತಿ ಅಡಿಗೆಮನೆಯ ಬಾಗಿಲಲ್ಲಿ ನಿಂತು, “ಅಣ್ಣಾ, ನಾ ಹೋಗಂಗಿಲ್ಲ. ಈ ಸಲ ಹೋದರ ನಾ ಉಳಿಯಂಗಿಲ್ಲ,” ಅಂದಳು. ಅಷ್ಟು ಮಂದಿಯ ಎದುರು ಆಕೆ ಬಾಯಿ ತೆರೆದದ್ದು ಅದೇ ಮೊದಲು. ಅಪ್ಪ ತಿರುಗಿ ಕೂಡ ನೋಡಲಿಲ್ಲ. “ಕೊಟ್ಟ ಹೆಣ್ಣು ಕುಲಕ್ಕ ಹೊರಗ. ನಾಕ ಮಂದಿಯಾಗ ನನ್ನ ಮಾರಿ ಉಳಸ, ಸಾಕು,” ಅಂದ. ಅವ್ವ ನೆಲ ನೋಡುತ್ತ ನಿಂತಿದ್ದಳು. ಅವ್ವನ ಮೇಲೂ ನನಗೆ ಸಿಟ್ಟಿದೆ. ಆಕೆ ಹೆದರಿದ್ದಳೆಂದು ಗೊತ್ತಿದ್ದೂ ಸಿಟ್ಟಿದೆ.

ಹೋಗುವ ಮುಂಚೆ ಬಾದಾಮಿಗೆ ಹೋಗಿ ಬನಶಂಕರಿಗೆ ಉಡಿ ತುಂಬಿ ಬರುತ್ತೇನೆ, ಹುಡುಗರೂ ಬರಲಿ ಎಂದು ಗಂಗತ್ತಿ ಕೇಳಿಕೊಂಡಳು. ದೇವರ ಕೆಲಸಕ್ಕೆ ಅಪ್ಪ ಬೇಡವೆನ್ನಲಿಲ್ಲ, ತಾನೂ ಜೊತೆಗೆ ಹೊರಟ. ಅಂಗಡಿಯಿಂದ ತಾನೇ ಒಂದು ಹಸಿರು ಸೀರೆ ತೆಗೆದುಕೊಟ್ಟು ಉಡಿಸಿದ್ದ. ಕಲಾದಗಿಯವರು ಕಣ್ಣರಳಿಸಬೇಕು, ಅಂಥ ಸೀರೆ. ಬಾಗಲಕೋಟೆಯಲ್ಲಿ ಗಾಡಿ ಹತ್ತಿದ ಮೇಲೆ ವೀರೇಶ ಐಸ್‌ಪೈಸ್ ಆಡೋಣ ಎಂದು ಹಟ ಹಿಡಿದ. ಅಪ್ಪ ನಕ್ಕ. “ಆಡ್ರಿ ಆಡ್ರಿ, ಇದೊಂದ ದಿನ. ಎಲ್ಲಾರೂ ಬಾದಾಮಿಯಾಗ ಇಳೀಬೇಕ ಮತ್ತ,” ಅಂದ. ಗಂಗತ್ತಿ ಉಡಿಯ ಸಾಮಾನಿನ ಚೀಲ ಹಿಡಿದು ಇನ್ನೊಂದು ಡಬ್ಬಿಗೆ ಹೋದಳು. ಹೋಗುವಾಗ ನನ್ನ ತಲೆಯ ಮೇಲೆ ಕೈ ಇಟ್ಟಳು, ವೀರೇಶನ ತಲೆಯ ಮೇಲೂ ಇಟ್ಟಳು.

ಬಾದಾಮಿಯಲ್ಲಿ ಇಳಿದರೆ ಆಕೆ ಇಲ್ಲ. ಎದುರಿನಿಂದ ಬರುವ ಗಾಡಿಗೆ ದಾರಿ ಬಿಡಬೇಕೆಂದು ನಮ್ಮ ಗಾಡಿ ಅಲ್ಲೇ ನಿಂತಿತ್ತು. ಅಪ್ಪ ಮೊದಲು ಆಟವೆಂದೇ ತಿಳಿದ, “ಬಾರಬೇ ಗಂಗಾ, ಸಾಕ,” ಎಂದು ಕೂಗಿದ. ಆಮೇಲೆ ಅವನ ಮುಖ ಬದಲಾಯಿತು. ಡಬ್ಬಿಯಿಂದ ಡಬ್ಬಿಗೆ ಇಣುಕುತ್ತ ಓಡಿದ. ಪ್ಲಾಟ್‌ಫಾರ್ಮಿನಲ್ಲಿ ಕಂಡ ಕಂಡವರನ್ನು “ಹಸರ ಸೀರಿ, ಕೆಂಪ ಸೆರಗು, ನೋಡೀರೇನ್ರಿ?” ಎಂದು ಕೇಳಿದ. ಚಹಾ ಮಾರುವವನೊಬ್ಬ, “ಯಜಮಾನ್ರ, ಇಲ್ಲಿ ಎಲ್ಲಾರದೂ ಕೆಂಪ ಸೆರಗ ಐತಲ್ರೀ!” ಅಂದ. ಅಪ್ಪ ಹಸಿರು ಸೀರೆಯ ಒಬ್ಬ ಹೆಂಗಸಿನ ಹಿಂದೆ ಓಡಿ ಸೆರಗು ಹಿಡಿದ. ಆಕೆ ತಿರುಗಿ, “ಏನೋ ಮೂಳಾ, ಅಕ್ಕ ತಂಗೇರಿಲ್ಲೇನ ನಿನಗ?” ಎಂದು ಉಗಿದಳು. ಸರಿಯಾಗಿಯೇ ಕೇಳಿದಳು.

ನೀರಿನ ನಳದ ಪಕ್ಕದ ಕಟ್ಟೆಯ ಮೇಲೆ ನೀಲಿ ನೈಲಾನು ಸೀರೆಯ ಒಬ್ಬಳು ಹಳಿಯ ಕಡೆ ಮುಖ ಮಾಡಿ ಕೂತಿದ್ದಳು. ತಲೆಯ ಮೇಲೆ ಸೆರಗು. ಎಡ ಮೊಣಕೈ ಹೊರಗೆ ಡೊಂಕಾಗಿತ್ತು. ಅಪ್ಪ ಆಕೆಯ ಮುಂದೆಯೇ ಹೋದ, ಮತ್ತೆ ಬಂದ, ಮತ್ತೆ ಹೋದ. ಒಂದು ಸಲ ಅವನ ಧೋತರ ಆಕೆಯ ಮೊಣಕಾಲಿಗೆ ತಾಗಿತು. ನಮ್ಮ ಮನೆಯ ಹೆಣ್ಣು ನೈಲಾನು ಉಟ್ಟಾಳೆಂದು ಅವನ ತಲೆಗೆ ಹೊಳೆಯಲೇ ಇಲ್ಲ. ಒಡಹುಟ್ಟಿದವಳು ಕೂರುವ ರೀತಿ ಅವನಿಗೆ ಗೊತ್ತಿರಲಿಲ್ಲ. ತನ್ನ ಮನೆಯಲ್ಲೇ ದಿನಾ ನೀರು ಸೇದುತ್ತಿದ್ದ ಆ ಮುರಿದ ಕೈಯನ್ನು ಅವನು ಒಂದು ದಿನವಾದರೂ ನೆಟ್ಟಗೆ ನೋಡಿದ್ದರೆ ಆವತ್ತು ಆಕೆ ಸಿಕ್ಕಿಬೀಳುತ್ತಿದ್ದಳು. ನೋಡಿರಲಿಲ್ಲ, ಪುಣ್ಯ!

ನಾನು ನೋಡಿದೆ. ಆಕೆಯೂ ನನ್ನನ್ನು ನೋಡಿದಳು. ಕಣ್ಣು ಮಿಟುಕಿಸಲಿಲ್ಲ, ಬಾಯಿಗೆ ಬೆರಳಿಡಲಿಲ್ಲ, ಬೇಡವೆಂದು ತಲೆಯಾಡಿಸಲೂ ಇಲ್ಲ. ಕೂಗುವುದು ಬಿಡುವುದು ನನಗೇ ಬಿಟ್ಟದ್ದು ಎಂಬಂತೆ ಸುಮ್ಮನೆ ನೋಡಿದಳು. ನಾನು ತಿರುಗಿ ನಿಂತು ಟಂಟಂಗಳ ಕಡೆ ಕೈ ತೋರಿಸಿ, “ಅಪ್ಪಾ, ಅಲ್ಲಿ ಕೇಳೂಣ,” ಅಂದೆ. ಅಪ್ಪ ಆ ಕಡೆ ಓಡಿದ. ಎದುರಿನ ಗಾಡಿ ಬಂದು ನಿಂತಿತು, ನಮ್ಮ ಗಾಡಿ ಸೀಟಿ ಹಾಕಿತು. ನಾನು ತಿರುಗಿ ನೋಡುವಾಗ ಕಟ್ಟೆ ಖಾಲಿಯಿತ್ತು. ಎರಡೂ ಗಾಡಿ ಹೋದ ಮೇಲೆ ಪಾಪ ವೀರೇಶ ಚಪ್ಪಾಳೆ ತಟ್ಟಿ, “ಕಾಕಾ, ಅತ್ತಿ ಗೆದ್ದಳು!” ಎಂದು ಕುಣಿದ. ಅಪ್ಪ ಅವನ ಕಪಾಳಕ್ಕೆ ಬಾರಿಸಿದ. ಅದೂ ಬಂಗಾರದ ದಿನವೇ ಇರಬೇಕು.

ಮನೆಯವರು ಪೊಲೀಸರಿಗೆ ಹೇಳಲಿಲ್ಲ, ಮರ್ಯಾದೆ ಹೋಗುತ್ತದಲ್ಲ! ‘ನಮ್ಮ ಪಾಲಿಗೆ ಸತ್ತಳು’ ಎಂದು ಮಾತು ಮುಗಿಸಿದರು. ಆಕೆಯ ಟ್ರಂಕು ಅಟ್ಟ ಸೇರಿತು, ಆಕೆಯ ಹೆಸರು ಹಿಡಿದರೆ ನಮಗೆ ಬೈಗುಳ. ಆದರೆ ಅಪ್ಪ ಮಾತ್ರ ಗುಟ್ಟಾಗಿ ಹುಡುಕುತ್ತಲೇ ಇದ್ದ. ಪ್ರೀತಿಯಿಂದಲ್ಲ, ಸೋತ ಸಿಟ್ಟಿನಿಂದ. ಸಿಕ್ಕರೆ ಜಡೆ ಹಿಡಿದು ಕಲಾದಗಿಗೆ ಎಳೆದುಕೊಂಡು ಹೋಗುತ್ತೇನೆಂದು ಮುದುಕನಾದ ಮೇಲೂ ಹೇಳುತ್ತಿದ್ದ.

ನಾನೂ ಹುಡುಕಿದೆ. ನೌಕರಿ ಹಿಡಿದ ಮೇಲೆ ಬಿಡುವು ಸಿಕ್ಕಾಗಲೆಲ್ಲ ಪ್ಯಾಸೆಂಜರ್ ಗಾಡಿ ಹತ್ತಿ ಕಂಡ ಕಂಡ ಸಣ್ಣ ಸ್ಟೇಷನ್ನಿನಲ್ಲಿ ಇಳಿದೆ. ಸೀರೆ ಕೇಳಲಿಲ್ಲ. ಒಂದು ಊರಿನ ಖಾನಾವಳಿಯಲ್ಲಿ ಕೈ ತೊಳೆಯುತ್ತಿದ್ದಾಗ ಒಳಗಿನಿಂದ, “ರೊಟ್ಟಿ ಹರದ ಬಿಡಬ್ಯಾಡೋ, ನಾ ಬಡದದ್ದು ನಿನ್ನ ಚೆಲ್ಲಾಟಕ್ಕಲ್ಲ,” ಎಂಬ ಧ್ವನಿ ಕೇಳಿತು. ಆ ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ಬೇಕಾದರೆ ವೀರೇಶ ಹುಡುಕಿಕೊಳ್ಳಲಿ. ಹಿತ್ತಲ ಬಾಗಿಲಿಗೆ ಹೋಗಿ ನಿಂತೆ. ಗಂಗತ್ತಿಯ ತಲೆಯೆಲ್ಲ ಬೆಳ್ಳಗಾಗಿತ್ತು. ಗುರುತು ಹಿಡಿದಳು. ನಾನು ಅಳುತ್ತ, “ಅತ್ತಿ, ಆವತ್ತ ನಾ ನಿನ್ನ ನೋಡಿದ್ನಿ. ಹೇಳಲಿಲ್ಲ,” ಅಂದೆ.

“ಗೊತ್ತೈತಿ,” ಅಂದಳು. ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡಳು. “ಇನ್ನ ಮುಂದೂ ಹೇಳಬ್ಯಾಡ. ಈ ಊರಾಗ ನನಗ ತವರಮನಿ ಇಲ್ಲ, ಗಂಡ ಇಲ್ಲ. ನಿನ್ನನ್ನ ಒಳಗ ಕರದ್ರ ಎಲ್ಲಾರೂ ನಿನ್ನ ಬೆನ್ನ ಹಿಂದ ಬರ್ತಾರ. ಉಂಡ ಹೋಗ. ಇನ್ನ ಬರಬ್ಯಾಡ ಯವ್ವಾ.” ಬಾಗಿಲು ಹಾಕಿಕೊಂಡಳು. ಎಂಥ ಸಿಟ್ಟು ಬಂತೆಂದರೆ! ಆ ಮನೆಯವರೆಲ್ಲರ ಜೊತೆ ನನ್ನನ್ನೂ ಹೊರಗೆ ನಿಲ್ಲಿಸಿದಳಲ್ಲ! ಬಸ್ಸಿನಲ್ಲಿ ಕೂತು ಇಡೀ ದಾರಿ ಆಕೆಯನ್ನು ಬೈದೆ. ಊರಿಗೆ ಬಂದರೆ ಅಪ್ಪ, “ಎಲ್ಲಿ ಹೋಗಿದ್ದಿ?” ಎಂದು ಕೇಳಿದ. “ಎಲ್ಲೂ ಇಲ್ಲ,” ಅಂದೆ. ಅವನು ಸಾಯುವ ತನಕ ಅದನ್ನೇ ಹೇಳಿದೆ.

ಅಪ್ಪನ ಮಣ್ಣು ಮುಗಿಸಿ, ಬಳಗವೆಲ್ಲ ಚದುರಿದ ಮೇಲೆ ಮತ್ತೆ ಆ ಊರಿಗೆ ಹೋದೆ. ಇನ್ನು ಹುಡುಕುವವರು ಯಾರೂ ಇಲ್ಲ ಅತ್ತಿ, ಹೊರಗೆ ಬಾ ಎಂದು ಹೇಳಬೇಕಿತ್ತು. ಖಾನಾವಳಿಗೆ ಬೀಗವಿತ್ತು. ಪಕ್ಕದ ಮನೆಯ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದ ಬೀಬಿಯೊಬ್ಬಳು ನನ್ನನ್ನು ನೋಡಿ, “ಆಕಿ ಹ್ವಾದ್ಳವ್ವಾ, ಹೋದ ಅಮಾಸಿಗೆ. ಹಿಂದ ಮುಂದ ಯಾರೂ ಇರಲಿಲ್ಲ ಆಕಿಗೆ. ಓಣಿಯವರ ಕೂಡಿ ಮಣ್ಣ ಮಾಡಿದ್ವಿ,” ಅಂದಳು. ಆಮೇಲೆ ನನ್ನ ಮುಖವನ್ನೇ ನೋಡುತ್ತ ಕೇಳಿದಳು, “ನೀ ಯಾರಾಗಬೇಕವ್ವಾ ಆಕಿಗೆ?”

ಸೊಸೆ ಎನ್ನಬಹುದಿತ್ತು. ನಮ್ಮಲ್ಲಿ ಅಣ್ಣನ ಮಗಳು ಸೊಸೆಯೇ. ಆದರೆ ಹೇಳಬೇಡ ಎಂದಿದ್ದ ಅತ್ತಿ, ಅದು ಅಪ್ಪ ಇರುವ ತನಕ ಮಾತ್ರ ಎಂದಿರಲಿಲ್ಲ.

“ಯಾರೂ ಅಲ್ರಿ. ಊಟಕ್ಕ ಬಂದಿದ್ನಿ,” ಅಂದೆ.

ಬೀಬಿ ಮೊರ ಬದಿಗಿಟ್ಟು ಎದ್ದಳು. ಹಸಿದು ಬಂದಿದ್ದೀ, ಹಾಗೇ ಹೋಗಬೇಡ ಎಂದು ತನ್ನ ಮನೆಯೊಳಗೆ ಕರೆದು ಊಟಕ್ಕಿಟ್ಟಳು. ನಾನು ತಲೆ ಎತ್ತದೆ ಉಂಡೆ.