ಅಕ್ಕೋರು ಹೇಳಿದ್ದು ಬರೋಬ್ಬರಿ

ಎಂಬಿಎ ತರಗತಿಗೆ ಮೊದಲ ದಿನ ನಾನು ಕಾಲಿಟ್ಟಾಗ ಇಡೀ ಕ್ಲಾಸು ಎದ್ದು ನಿಂತಿತು. ಇಳಕಲ್ ಸೀರೆ, ಹೆಗಲಿಗೊಂದು ಚೀಲ, ಕಿವಿಯ ಬಳಿ ನಾಲ್ಕು ಬಿಳಿ ಕೂದಲು. ಪಾಪ, ಹುಡುಗರದೇನು ತಪ್ಪು? "ನಾನೂ ನಿಮ್ಮಂಗ ಕಲಿಯಾಕ ಬಂದೇನ್ರಪಾ" ಎಂದಿದ್ದರೆ ಮುಗಿಯುತ್ತಿತ್ತು. ಆದರೆ ವರ್ಷಗಟ್ಟಲೆ ಶಾಲೆಯಲ್ಲಿ ಕಲಿಸಿದ ಕೈ ತಾನಾಗಿಯೇ ಮೇಲೆದ್ದಿತು, ಬಾಯಿ "ಕೂಡ್ರಿ, ಕೂಡ್ರಿ" ಎಂದುಬಿಟ್ಟಿತು. ಎಲ್ಲರೂ ಕುಳಿತರು. ನಾನು ಬೋರ್ಡಿನ ಕಡೆ ಹೋಗದೆ ನೇರವಾಗಿ ಹಿಂದಿನ ಬೆಂಚಿಗೆ ಹೋಗಿ ಕುಳಿತೆ. ಒಂದು ಗಳಿಗೆ ಯಾರಿಗೂ ಏನೂ ತಿಳಿಯಲಿಲ್ಲ. ಆಮೇಲೆ ಎದ್ದ ನಗು ಪಕ್ಕದ ಕೋಣೆಗೂ ಕೇಳಿಸಿರಬೇಕು.

ನಗದೆ ಇದ್ದವಳು ಒಬ್ಬಳೇ. ಅವಳು ಮತ್ತೆ ಎದ್ದು ನಿಂತಿದ್ದಳು.

"ಅಕ್ಕೋರ, ನಾನ್ರಿ. ಸಾಲೋಟಗಿಯಿಂದ ಬರ್ತಿದ್ನೆಲ್ರಿ. ನಾಕನೇ ಇಯತ್ತೆ ನಿಮ್ಮ ಕೈಯಾಗ ಕಲ್ತೇನ್ರಿ."

ನೋಡಿದರೆ ಹೌದು. ಇಂಡಿಯಲ್ಲಿ ನಾನು ಕಲಿಸುತ್ತಿದ್ದ ಖಾಸಗಿ ಶಾಲೆಗೆ ದಿನಾ ಬಸ್ಸಿನಲ್ಲಿ ಬರುತ್ತಿದ್ದ ನಾಲ್ಕನೇ ತರಗತಿಯ ಹುಡುಗಿ. ಆ ಶಾಲೆ ಮಕ್ಕಳಿಲ್ಲದೆ ಮುಚ್ಚಿದ ಮೇಲೆ, ಈ ವಯಸ್ಸಿನಲ್ಲಿ ಇನ್ನೊಂದು ಕೆಲಸ ಬೇಕೆಂದರೆ ಇನ್ನೊಂದು ಪದವಿ ಬೇಕು ಎಂದು ಹಟ ಹಿಡಿದು ಪ್ರವೇಶ ಪರೀಕ್ಷೆ ಬರೆದು ನಾನು ಈ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಬಂದಿದ್ದೆ. ಅವಳು ತನ್ನ ವಯಸ್ಸಿಗೆ ಸರಿಯಾಗಿ ಬಂದಿದ್ದಳು. ಇಬ್ಬರಿಗೂ ಒಂದೇ ಹಾಜರಿ, ಒಂದೇ ಪರೀಕ್ಷೆ.

ನಮ್ಮ ಕಡೆ ಶಾಲೆ ಕಲಿಸುವ ಹೆಂಗಸಿಗೆ ಅಕ್ಕೋರು ಎನ್ನುತ್ತಾರೆ. ಹುಟ್ಟಿದ್ದು ಅಕ್ಕನಿಂದಲೇ ಇರಬಹುದು, ಆದರೆ ಅಕ್ಕನ ಜೊತೆಗಿರುವ ಸಲಿಗೆ ಆ ಮಾತಿನಲ್ಲಿ ಒಂದಿಷ್ಟೂ ಇಲ್ಲ. ಅಕ್ಕನ ಜುಟ್ಟು ಹಿಡಿದು ಜಗಳವಾಡಬಹುದು. ಅಕ್ಕೋರಿಗೆ ಎದುರು ಮಾತಾಡುವಂತಿಲ್ಲ. ವಾರ ಕಳೆಯುವಷ್ಟರಲ್ಲಿ ಸಿಂದಗಿಯವರು, ಮುದ್ದೇಬಿಹಾಳದವರು, ಬಾಗೇವಾಡಿಯವರು ಎಲ್ಲರೂ ನನ್ನನ್ನು ಅಕ್ಕೋರು ಎಂದೇ ಕರೆಯತೊಡಗಿದರು. ಅವರದು ಅರ್ಧ ಚೇಷ್ಟೆ. ಸಾಲೋಟಗಿಯವಳದು ಮಾತ್ರ ಖರೆ.

ನಾವಿಬ್ಬರೂ ದಿನಾ ಓಡಾಡುವ ಬಸ್ಸಿನಲ್ಲಿ ನನಗೆ ಕಿಟಕಿಯ ಬದಿ ಸೀಟು ಹಿಡಿಯುತ್ತಿದ್ದಳು. ಇಳಿದ ಕೂಡಲೇ ನನ್ನ ಚೀಲ ಕಸಿದುಕೊಂಡು ತನ್ನ ಹೆಗಲಿಗೆ ಹಾಕಿಕೊಳ್ಳುತ್ತಿದ್ದಳು. ನಾನು ಬುತ್ತಿ ಬಿಚ್ಚುವ ತನಕ ಅವಳೂ ಬಿಚ್ಚುತ್ತಿರಲಿಲ್ಲ. ಗೆಳತಿಯರ ಜೊತೆ ಹಲ್ಲು ಕಿಸಿದು ನಗುತ್ತಿದ್ದವಳು ನನ್ನ ಚಪ್ಪಲಿಯ ಸಪ್ಪಳ ಕೇಳಿದರೆ ಗಪ್ಪಾಗುತ್ತಿದ್ದಳು. "ಬ್ಯಾಡವಾ, ನಾವಿಬ್ಬರೂ ಒಂದ ಕ್ಲಾಸಿನವರು" ಎಂದು ನಾನು ಅನ್ನುತ್ತಿದ್ದೆ ನಿಜ. ಅನ್ನುತ್ತಲೇ ಚೀಲ ಕೊಡುತ್ತಿದ್ದೆ. ನನಗೆ ಅದು ಹಿಡಿಸುತ್ತಿತ್ತು. ಶಾಲೆ ಹೋಗಿತ್ತು, ಸಂಬಳ ಹೋಗಿತ್ತು, ಅಕ್ಕೋರು ಎನ್ನುವುದೊಂದು ಉಳಿದಿತ್ತು. ಅದನ್ನು ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ.

ಸಂಖ್ಯಾಶಾಸ್ತ್ರದಲ್ಲಿ ನಾನು ದಡ್ಡಿ. ಅವಳು ಕ್ಲಾಸಿಗೇ ಮುಂದು. ಆದರೆ ಅಕ್ಕೋರಿಗೆ ಪಾಠ ಹೇಳುವುದುಂಟೆ? ಪುಸ್ತಕ ಹಿಡಿದುಕೊಂಡು ಬಂದು, "ಅಕ್ಕೋರ, ಇದು ಹಿಂಗ ಮಾಡಿದ್ರ ಬರ್ತೈತೇನ್ರಿ? ಸ್ವಲ್ಪ ನೋಡ್ರಿ" ಎಂದು ತಾನೇ ಪೂರ್ತಿ ಲೆಕ್ಕ ಮಾಡಿ ತೋರಿಸುತ್ತಿದ್ದಳು. ನಾನು ಸರಿಯಾಗಿದೆ ಎಂಬಂತೆ ತಲೆಯಾಡಿಸಿ "ಹಾಂ, ಬರೋಬ್ಬರಿ" ಎನ್ನುತ್ತಿದ್ದೆ. ಆ ವಿಷಯದಲ್ಲಿ ನಾನು ಪಾಸಾದದ್ದು ಹೀಗೆ. ಯಾರು ಯಾರಿಗೆ ಕಲಿಸಿದರು ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು, ಇಬ್ಬರೂ ಬಾಯಿ ಬಿಡಲಿಲ್ಲ.

ಕೊನೆಯ ಸೆಮಿಸ್ಟರಿನಲ್ಲಿ ಹಣ್ಣು ತರಕಾರಿ ಕೊಂಡು ಮಾರುವ ಒಂದು ಕಂಪನಿ ಕ್ಯಾಂಪಸ್ಸಿಗೆ ಬಂತು. ಸಿಂದಗಿಯಲ್ಲಿ ಕಚೇರಿ ತೆರೆಯುತ್ತಾರಂತೆ, ಒಬ್ಬರು ಬೇಕಂತೆ. ಆ ನೌಕರಿ ನನಗೂ ಬೇಕಿತ್ತು, ಆದರೆ ಅವಳಿಗೆ ಬೇಕಾದಂತೆ ಅಲ್ಲ. ಪರೀಕ್ಷೆ ಮುಗಿಯುವುದರೊಳಗೆ ಕೆಲಸ ಸಿಕ್ಕರೆ ಎರಡು ವರ್ಷ ಮದುವೆಯ ಮಾತು ಎತ್ತುವುದಿಲ್ಲ, ಸಿಗದಿದ್ದರೆ ನೋಡಿಟ್ಟ ಗಂಡಿಗೆ ಹೂಂ ಅನ್ನಬೇಕು ಎಂದು ಅವಳ ಅಪ್ಪ ಹೇಳಿದ್ದರು. ಆ ಗಂಡಿನ ಫೋಟೋ ನನಗೆ ತೋರಿಸಿ, "ಕೆಟ್ಟವರೇನ ಅಲ್ರಿ ಅಕ್ಕೋರ. ನನಗ ಈಗ ಬ್ಯಾಡ ಅಷ್ಟರಿ" ಎಂದಿದ್ದಳು.

ಆಯ್ಕೆ ನಡೆದದ್ದು ಗುಂಪು ಚರ್ಚೆಯಲ್ಲಿ. ದುಂಡಗೆ ಕುರ್ಚಿ ಹಾಕಿ ಒಂದು ವಿಷಯ ಕೊಡುತ್ತಾರೆ, ಒಬ್ಬರ ಮಾತನ್ನು ಒಬ್ಬರು ತುಂಡರಿಸಿ ಮಾತಾಡಬೇಕು. ರೈತರ ಜೊತೆ ವ್ಯವಹರಿಸುವ ಕೆಲಸವಾದ್ದರಿಂದ ಕನ್ನಡದಲ್ಲೇ ಮಾತಾಡಿ ಎಂದರು. ವಿಷಯ: ಇಂಡಿಯ ನಿಂಬೆಹಣ್ಣನ್ನು ಬೆಳೆದವರೇ ದೂರದ ಊರಿಗೆ ಮಾರುವುದು ಹೇಗೆ. ನನಗೆ ಒಳಗೊಳಗೇ ಖುಷಿಯಾಯಿತು. ಅವಳ ಮನೆಯವರದು ನಿಂಬೆಯ ತೋಟ. ಇವತ್ತು ಈ ಹುಡುಗಿಯದೇ ದಿನ ಎಂದುಕೊಂಡೆ.

ಆದರೆ ಮೊದಲು ಬಾಯಿ ಹಾಕಿದವಳು ನಾನು. ಅಭ್ಯಾಸ. ಕಿಲೋಗೆ ಎಷ್ಟು ಸಿಗುತ್ತದೆ, ಕಿಲೋಗೆ ಎಷ್ಟು ಸಾಗಣೆ ಖರ್ಚು ಎಂದು ಕೈ ಆಡಿಸುತ್ತ ದೊಡ್ಡ ಭಾಷಣವನ್ನೇ ಬಿಗಿದೆ. ಅವಳ ತುಟಿ ಒಮ್ಮೆ ಅಲುಗಿತು. ನನ್ನ ಮುಖ ನೋಡಿ ಮತ್ತೆ ತಲೆ ತಗ್ಗಿಸಿದಳು. ಮುದ್ದೇಬಿಹಾಳದ ಹುಡುಗ ನನ್ನ ಕಿಲೋ ಲೆಕ್ಕ ಹಿಡಿದುಕೊಂಡೇ ಮುಂದೆ ಓಡಿದ. ಬಾಗೇವಾಡಿಯ ಹುಡುಗಿ ಅವನ ಬೆನ್ನು ಹತ್ತಿದಳು. ಇವಳದು ಮಾತೇ ಇಲ್ಲ. ಸಮಯ ಮುಗಿಯುತ್ತ ಬಂದಿತ್ತು. ಹೇಗಾದರೂ ಮಾಡಿ ಅವಳ ಬಾಯಿ ಬಿಡಿಸಬೇಕೆಂದು ಅವಳ ಕಡೆ ತಿರುಗಿದೆ.

"ಏ, ನೀ ಹೇಳು! ಬಾಯಾಗ ಏನ ಇಟ್ಕೊಂಡ ಕುಂತಿ?"

ಬಂದದ್ದು ನಾಲ್ಕನೇ ತರಗತಿಯ ದನಿ. ಅವಳು ಕುರ್ಚಿ ಸರಿಸಿ ಥಟ್ಟನೆ ಎದ್ದು ನಿಂತಳು. ಎದೆಯ ಮೇಲೆ ಕೈ ಕಟ್ಟಿಕೊಂಡು, ನೆಲ ನೋಡುತ್ತ, "ಅಕ್ಕೋರು ಹೇಳಿದ್ದ ಬರೋಬ್ಬರಿ ಐತ್ರಿ" ಎಂದಳು. ಕುಳಿತಳು. ಕಂಪನಿಯವರು ನಕ್ಕರು. ನಮ್ಮವರೂ ನಕ್ಕರು. ನೆಲ ಬಿರಿದು ಒಳಗೆ ಹೋಗಬಾರದೇ ಅನಿಸಿತು.

ಸಂಜೆಯ ಹೊತ್ತಿಗೆ ನನ್ನ ಹೆಸರು ಬಂತು. ಸುಮ್ಮನಿದ್ದವರನ್ನೂ ಮಾತಿಗೆ ಎಳೆದಿರಿ, ನಾಯಕತ್ವದ ಗುಣ ಎಂದರೆ ಅದೇ ಎಂದು ಕಂಪನಿಯವರು ನನ್ನ ಕೈ ಕುಲುಕಿದರು. ಎಂಥಾ ನಾಯಕತ್ವ! ನಾನು ಕ್ಯಾಂಪಸ್ ನೇಮಕಾತಿ ನೋಡಿಕೊಳ್ಳುವ ಸರ್ ಹತ್ತಿರ ಓಡಿ, ಈ ನೌಕರಿ ಆ ಹುಡುಗಿಗೆ ಕೊಡಿಸಲಿಕ್ಕೆ ಆಗುತ್ತದೆಯೇ ಎಂದು ಕೇಳಿದೆ.

"ಇದೇನ ಬಸ್ಸಿನ ಸೀಟೇನ್ರಿ, ಟಾವೆಲ್ ಹಾಕಿ ಇನ್ನೊಬ್ರಿಗೆ ಹಿಡಿಯಾಕ? ನೀವು ಬಿಟ್ರ ಮುದ್ದೇಬಿಹಾಳದಾವಗ ಹೋಗ್ತೈತಿ" ಎಂದರು.

ಹಾಗಿದ್ದರೆ ಬಿಡುವುದರಿಂದ ಅವಳಿಗೇನೂ ಲಾಭವಿಲ್ಲ ಎಂದು ನನಗೆ ಸಮಾಧಾನವಾಯಿತು. ನಡೆದದ್ದಕ್ಕಿಂತ ಆ ಸಮಾಧಾನಕ್ಕೇ ನನಗೆ ಇಂದಿಗೂ ಹೆಚ್ಚು ನಾಚಿಕೆ. ಆಗುವುದಿಲ್ಲ ಎಂದು ಅನ್ನಿಸಿಕೊಳ್ಳಲೆಂದೇ ಕೇಳಲು ಹೋಗಿದ್ದೆನೇನೋ.

ಹೊರಗೆ ಬಂದರೆ ಅವಳು ಪೇಡೆಯ ಪೊಟ್ಟಣ ಹಿಡಿದು ನಿಂತಿದ್ದಳು. ಮುಖದ ತುಂಬ ಹೆಮ್ಮೆ. "ನಮ್ಮ ಅಕ್ಕೋರಿಗೆ ನೌಕರಿ ಆತು" ಎಂದು ಎಲ್ಲರಿಗೂ ಹಂಚುತ್ತಿದ್ದಳು. ನಾನು ಅವಳ ಕೈ ಹಿಡಿದು ಬಸ್ ಸ್ಟಾಪಿನ ಕಲ್ಲಿನ ಮೇಲೆ ಕೂಡಿಸಿದೆ. ನಾನು ಕಿಲೋ ಎಂದಾಗ ಅವಳ ತುಟಿ ಅಲುಗಿದ್ದು ನನ್ನ ತಲೆಯಲ್ಲೇ ಇತ್ತು.

"ನಿಂಬಿಹಣ್ಣ ತೋಟದವರು ಕಿಲೋ ಲೆಕ್ಕದಾಗ ಮಾರ್ತಾರೇನ?"

"ಇಲ್ರಿ. ಎಣಿಸಿ ಚೀಲಕ್ಕ ತುಂಬ್ತಾರ್ರಿ. ಸಾವಿರಕ್ಕ ಇಷ್ಟ ಅಂತ ರೇಟ್ರಿ."

"ಮತ್ತ ಅಲ್ಲಿ ಯಾಕ ಹೇಳಲಿಲ್ಲ?"

"ನಾಕ ಮಂದ್ಯಾಗ ನಿಮ್ಮ ಮಾತ ಹೆಂಗ ಮುರೀಲ್ರಿ ಅಕ್ಕೋರ?"

ಮುಂದಿನ ವಾರ ಇನ್ನೊಂದು ಕಂಪನಿ ಬರುವುದಿತ್ತು. ಅಲ್ಲೂ ಯಾರೋ ಒಬ್ಬರು ದೊಡ್ಡ ದನಿಯವರು ಇರುತ್ತಾರೆ, ಇವಳು ಅಲ್ಲೂ ತಲೆ ತಗ್ಗಿಸುತ್ತಾಳೆ, ಆ ಫೋಟೋದವನಿಗೆ ಹೂಂ ಅನ್ನುತ್ತಾಳೆ. ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. "ಇವತ್ತ ಒಂದ ಪಾಠ ಮಾಡೂಣು. ನಾ ತಪ್ಪ ಹೇಳ್ತೇನಿ, ನೀ ಅಲ್ಲ ಅನ್ನಬೇಕು" ಎಂದೆ.

ಅವಳು ನಕ್ಕಳು. ನಾನು ನಗಲಿಲ್ಲ.

"ಎರಡೆರಡ್ಲೆ ಐದು."

"ಅಯ್ಯ, ನೀವಂದ್ರ ಏನೋ ಇರ್ತೈತಿ ಬಿಡ್ರಿ."

"ಅಲ್ಲ ಅನ್ನು."

"...ಅಲ್ರಿ."

"ಇಂಡಿ ಇರೂದು ಬೆಳಗಾವಿ ಜಿಲ್ಲಾದಾಗ."

"ಅಲ್ರಿ."

"ನಿಂಬಿಹಣ್ಣ ಕಿಲೋ ಲೆಕ್ಕದಾಗ ಮಾರ್ತಾರ."

"ಅಲ್ರಿ!" ಈ ಸಲ ದನಿ ಜೋರಾಗಿತ್ತು. ಅವಳಿಗೇ ಮೋಜೆನಿಸಿ ಬಾಯಿಗೆ ಸೆರಗಿನಂತೆ ದುಪಟ್ಟಾ ಹಿಡಿದುಕೊಂಡಳು. ಬಸ್ಸು ದೂರದಲ್ಲಿ ಕಾಣಿಸಿತು. ಇಷ್ಟಕ್ಕೇ ನಿಲ್ಲಿಸಬಹುದಿತ್ತು. ನನ್ನ ಬಾಯಿ ನಿಲ್ಲಬೇಕಲ್ಲ.

"ಆ ನೌಕರಿ ನನಗ ಸಿಕ್ಕಿದ್ದು ಬರೋಬ್ಬರಿ ಐತಿ."

ಅವಳ ನಗು ಇಂಗಿತು. ಕೈಯಲ್ಲಿದ್ದ ಖಾಲಿ ಪೊಟ್ಟಣವನ್ನು ಮಡಚಿದಳು, ಇನ್ನೊಮ್ಮೆ ಮಡಚಿದಳು. ಆಟ ಮುಗಿಯಿತು, ಏಳು ಹೋಗೋಣ ಎಂದು ನಾನು ಹೇಳಬೇಕೆನ್ನುವಷ್ಟರಲ್ಲಿ ಅವಳು ತಲೆ ಎತ್ತಿದಳು. ಇಷ್ಟು ವರ್ಷಗಳಲ್ಲಿ ಮೊದಲ ಸಲ ನನ್ನ ಕಣ್ಣನ್ನೇ ನೋಡಿದಳು.

"ಅಲ್ರಿ ಅಕ್ಕೋರ" ಎಂದಳು.

ಬಸ್ಸು ಬಂತು. ಅವಳು ನನಗಿಂತ ಮೊದಲು ಹತ್ತಿ, ಕಿಟಕಿಯ ಬದಿ ಸೀಟಿನಲ್ಲಿ ತಾನೇ ಕುಳಿತಳು. ನಾನು ನನ್ನ ಚೀಲ ಹೆಗಲಿಗೆ ಹಾಕಿಕೊಂಡು ಹಿಂದೆ ಹತ್ತಿದೆ.