ಗಂಜಿ ಬಳಿದ ರೆಕ್ಕೆ

ನನ್ನ ಸೋದರಮಾವ ಹೊಸಪೇಟೆಯ ರೈಲ್ವೆ ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದವರು. ನಿವೃತ್ತರಾದ ಮೇಲೆ ಕಂಪ್ಲಿಗೆ ಬಂದು, ಮುಚ್ಚಿಹೋಗಿದ್ದ ಅಕ್ಕಿ ಗಿರಣಿಯೊಂದರಲ್ಲಿ ಮೂರು ವರ್ಷ ಕೂತು ವಿಮಾನ ಕಟ್ಟಿದರು. ನಕ್ಷೆ ಒಂದು ಇಂಗ್ಲಿಷ್ ಮಾಸಪತ್ರಿಕೆಯದು. ಎಂಜಿನ್ನು ಸಂಡೂರಿನ ಗಣಿಯ ದೊರೆಯೊಬ್ಬ ಬಿಟ್ಟುಹೋದ ಮೋಟಾರ್ ಸೈಕಲ್ಲಿನದು. ಕೂರಲು ಒಬ್ಬರಿಗೆ ಮಾತ್ರ ಜಾಗ. ಮಾವ ಅದುವರೆಗೆ ಯಾವ ವಿಮಾನವನ್ನೂ ಹತ್ತಿದವರಲ್ಲ.

ಆಗ ನಾನು ಮದ್ರಾಸಿನ ಒಂದು ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ಹಾರುವ ದಿನ ಗೊತ್ತಾದಾಗ ಎರಡು ತಂತಿ ಬರೆದು ಜೇಬಿನಲ್ಲಿಟ್ಟುಕೊಂಡೆ. ಒಂದರಲ್ಲಿ ಮಾವ ಹಾರಿದ್ದರು. ಇನ್ನೊಂದರಲ್ಲಿ ಸತ್ತಿದ್ದರು. ಕೆಲಸದ ರೂಢಿ ಅದು. ತಂತಿ ಕಚೇರಿಗೆ ಓಡುವ ಹೊತ್ತಿನಲ್ಲಿ ವಾಕ್ಯ ಹುಡುಕುತ್ತ ನಿಲ್ಲುವಂತಿರಲಿಲ್ಲ.

ರೆಕ್ಕೆಗೆ ಹೊದಿಸಿದ ಬಟ್ಟೆ ತಮಟೆಯಂತೆ ಬಿಗಿದಿರಬೇಕು. ಸಡಿಲವಾದರೆ ಗಾಳಿ ಅದನ್ನು ಹರಿದುಹಾಕುತ್ತದೆ. ಬಿಗಿ ಮಾಡಲು ಬಳಿಯುವ ಬಣ್ಣ ಎಲ್ಲಿಯೂ ಸಿಗದೆ ಮಾವ ಊರಿನ ನೇಕಾರ ಮುದುಕರೊಬ್ಬರನ್ನು ಕರೆತಂದರು. ಅವರು ನೂಲಿಗೆ ಬಳಿಯುವ ಗಂಜಿಯನ್ನೇ ಬಲರೆಕ್ಕೆಗೆ ಮೂರು ಸಲ ಬಳಿದರು. ಒಣಗಿದ ಮೇಲೆ ಬೆರಳಿನಿಂದ ಬಡಿದರೆ ಢಣ್ ಎನ್ನುತ್ತಿತ್ತು. ಅಷ್ಟರಲ್ಲಿ ಮುದುಕರಿಗೆ ಜ್ವರ ಬಂತು. ಮಾವ ಕಾಯಲಿಲ್ಲ. ಮನೆಯಿಂದ ಮೂರು ದಿನ ಕೊಡದಲ್ಲಿ ಗಂಜಿ ತರಿಸಿ ಎಡರೆಕ್ಕೆಗೆ ತಾವೇ ಬಳಿದರು. ಮಧ್ಯಾಹ್ನದ ಬಿಸಿಲಿನಲ್ಲಿ ಅದೂ ಢಣ್ ಎಂದಿತು.

ಹಾರುವ ಹಿಂದಿನ ದಿನ ಸಂಜೆ ಎಲ್ಲವನ್ನೂ ಚಕ್ಕಡಿಗಳಲ್ಲಿ ಎಮ್ಮಿಗನೂರು ದಾರಿಯ ಬಯಲಿಗೆ ಸಾಗಿಸಿದೆವು. ಹಿಂದಿನ ಬಂಡಿಯ ಎತ್ತು ಕತ್ತು ಚಾಚಿ ಎಡರೆಕ್ಕೆಯ ತುದಿಯನ್ನೇ ನೆಕ್ಕುತ್ತ ಬಂತು.

"ನಿನ್ನ ಎತ್ತಿಗೂ ಹಾರೋ ಹುಚ್ಚು ಹಿಡದೈತಿ ನೋಡಲೇ" ಎಂದು ಮಾವ ಬಂಡಿಯವನನ್ನು ರೇಗಿಸಿದರು. ನಾನು ಅದನ್ನು ತಮಾಷೆಯೆಂದು ಬರೆದುಕೊಂಡೆ.

ಮರುದಿನ ಬೆಳಗಿನ ಜಾವ ಹೊದಿಸಿದ್ದ ತಾಡಪಾಲು ತೆಗೆದು ರೆಕ್ಕೆಗಳನ್ನು ಬಡಿದು ನೋಡಿದೆ. ಬಲಗಡೆಯದು ಢಣ್ ಎಂದಿತು. ಎಡಗಡೆಯದು ದಪ್ ಎಂದಿತು.

"ಮಾವ, ಇದು ಸಡಿಲ ಆಗೈತ್ರಿ."

"ಥಂಡಿ ಹಿಡದೈತಿ. ಬಿಸಿಲು ಬಂದ್ರ ಬಿಗೀತೈತಿ."

"ಹಂಗಾರ ಬಿಸಿಲು ಬರೋತನಕ ತಡೀರಿ."

"ಬಿಸಿಲಿನ ಬೆನ್ನಿಗೇ ಗಾಳಿ ಏಳ್ತೈತಿ. ಆಮ್ಯಾಲ ನೀ ಹಾರ್ತೀ ಏನು?"

ಅವರು ಹತ್ತಿ ಕೂತು ಸೊಂಟಕ್ಕೆ ಪಟ್ಟಿ ಬಿಗಿದುಕೊಂಡರು. ವಿಮಾನದ ಬಾಲದಿಂದ ಒಂದು ಹಗ್ಗ ನೆಲದ ಗೂಟಕ್ಕೆ ಕಟ್ಟಿತ್ತು. ಮಾವ ಕೈ ಎತ್ತಿದಾಗ ಅದನ್ನು ಬಿಚ್ಚುವುದು ನನ್ನ ಕೆಲಸ. ಬಂಡಿಯವನು ಮುಂದಿನ ಪಂಖ ತಿರುಗಿಸಿದ. ಮೂರನೆಯ ಸಲಕ್ಕೆ ಎಂಜಿನ್ನು ಹಿಡಿಯಿತು. ಹಗ್ಗ ಬಿಗಿಯಿತು.

ಆ ಹೊತ್ತಿಗೆ ನೇಕಾರ ಮುದುಕರು ಕಂಬಳಿ ಹೊದ್ದುಕೊಂಡು ಬಂದರು. ಹಿಂದೆಯೇ ಅತ್ತೆ, ಕೈಯಲ್ಲಿ ಮಜ್ಜಿಗೆಯ ಚರಿಗೆ. ಮುದುಕರು ರೂಢಿಯಂತೆ ಒಂದು ರೆಕ್ಕೆ ಬಡಿದರು, ಇನ್ನೊಂದನ್ನೂ ಬಡಿದರು. "ನಿಲ್ಸ್ರಿ! ಈ ಗಂಜಿ ನಂದಲ್ರಿ!" ಎಂದು ಕೂಗಿದರು. ಎಂಜಿನ್ನಿನ ಸದ್ದಿನಲ್ಲಿ ಪಕ್ಕದಲ್ಲಿದ್ದ ನನಗೇ ಅರ್ಧ ಕೇಳಿಸಿತು. ಮಾವನಿಗೆ ಏನೂ ಕೇಳಿಸಲಿಲ್ಲ. ಅವರ ಕೈ ಮೇಲೆದ್ದಿತು.

ನಾನು ಗಂಟು ಬಿಚ್ಚಲಿಲ್ಲ. ಅವರು ಮತ್ತೆ ಕೈ ಎತ್ತಿದರು. ಗೂಟ ಮಣ್ಣಿನಲ್ಲಿ ಅಲುಗಾಡತೊಡಗಿತು. ನಾನು ಎರಡೂ ಕೈಯಿಂದ ಅದನ್ನು ಅದುಮಿ ಹಿಡಿದೆ. ಮಾವ ಸಿಟ್ಟಿನಿಂದ ಹಿಂದೆ ತಿರುಗಿದರು. ಅವರಿಗೆ ಕಂಡದ್ದು, ಚರಿಗೆ ಕೆಳಗಿಟ್ಟು ವಿಮಾನದ ಎಡರೆಕ್ಕೆಯನ್ನು ನೆಕ್ಕುತ್ತಿದ್ದ ಹೆಂಡತಿ.

ಅವರು ಎಂಜಿನ್ನು ನಿಲ್ಲಿಸಿದರು.

"ಉಪ್ಪೈತ್ರಿ" ಎಂದರು ಅತ್ತೆ. "ಇದು ನಮ್ಮನಿ ಅನ್ನ ಬಸಿದ ಗಂಜಿ. ಕುದಿಯೋ ಅನ್ನಕ್ಕ ದಿನಾ ಉಪ್ಪು ಹಾಕ್ತೀನಲ್ಲ."

"ಉಪ್ಪು ರಾತ್ರೆಲ್ಲಾ ನೀರು ಎಳೀತೈತ್ರಿ ಸಾಹೇಬ್ರ" ಎಂದರು ಮುದುಕರು. "ನಿನ್ನಿ ಬಿಸಿಲಿಗೆ ಒಣಗಿತ್ತು, ಈಗ ಮೆತ್ತಗಾಗೈತಿ. ನಾವು ಉಪ್ಪಿನ ಗಂಜಿ ನೂಲಿಗೆ ಮುಟ್ಟಸಂಗಿಲ್ಲ."

ಮಾವ ಹೆಂಡತಿಯತ್ತ ತಿರುಗಿದರು. "ಮೊದಲ ಹೇಳಾಕ ಏನಾಗಿತ್ತು ನಿನಗ?"

"ಗಂಜಿ ಕೇಳಿದ್ರಿ, ಕೊಟ್ಟೆ. ಕೆಲಸದ ಮಂದಿ ಕುಡೀತಾರ ಅಂದ್ಕೊಂಡೆ. ನೀವು ಏನ್ ಮಾಡ್ತೀರಿ ಅಂತ ಕೇಳೋದು ಬಿಟ್ಟು ಮೂರು ವರ್ಷ ಆತು."

ಮಾವ ಇಳಿದು ಬಂದು ಎಡರೆಕ್ಕೆಯನ್ನು ಹೆಬ್ಬೆರಳಿನಿಂದ ಒತ್ತಿದರು. ಬಟ್ಟೆ ಒಳಕ್ಕೆ ಹೋಗಿ ಅಲ್ಲೇ ನಿಂತಿತು. ಹೊಲಿಗೆಯ ಒಂದು ಕಡೆ ಆಗಲೇ ಬಾಯಿ ಬಿಟ್ಟಿತ್ತು. ಹಾರುವುದನ್ನು ನೋಡಲು ಬಂದು ಬದುವಿನ ಮೇಲೆ ಕೂತಿದ್ದ ಜನ ಎದ್ದು ಬಟ್ಟೆ ಕೊಡವಿಕೊಂಡರು.

"ಸಾಹೇಬ್ರ, ಮುಂದಿನ ಸಲ ಉಪ್ಪಿನಕಾಯಿನೂ ಹಚ್ರಿ" ಎಂದ ಒಬ್ಬ.

ಎಡರೆಕ್ಕೆಯ ಬಟ್ಟೆ ಬಿಚ್ಚಿ ಕಾಲುವೆಯಲ್ಲಿ ತೊಳೆದೆವು. ಮಾವ ಸತ್ತಿದ್ದ ತಂತಿಯನ್ನು ಅಲ್ಲೇ ಹರಿದು ನೀರಿಗೆ ಬಿಟ್ಟೆ. ಅಂದಿನಿಂದ ಎರಡು ವಾರ ಮನೆಯ ಅನ್ನಕ್ಕೆ ಉಪ್ಪು ಬೀಳಲಿಲ್ಲ. ಬಸಿದ ಗಂಜಿಯೆಲ್ಲ ನೇಕಾರ ಮುದುಕರ ಕೈಗೆ ಹೋಗುತ್ತಿತ್ತು. ಮಾವ ಸಪ್ಪೆ ಅನ್ನವನ್ನು ತಲೆ ಎತ್ತದೆ ಉಂಡರು.

ಎರಡನೆಯ ಸಲ ಹಾರಲು ಹೊರಟ ಬೆಳಗ್ಗೆ ಎರಡೂ ರೆಕ್ಕೆ ಢಣ್ ಎಂದವು. ನಾನು ಗಂಟು ಬಿಚ್ಚಿದೆ. ವಿಮಾನ ಆಳೆತ್ತರಕ್ಕೆ ಎದ್ದು, ನಾಲ್ಕು ಹೊಲ ದಾಟಿ, ಒಂದು ಗಾಲಿ ಮುರಿದುಕೊಂಡು ಇಳಿಯಿತು. ನಾವು ಓಡಿ ಹೋದಾಗ ಮಾವ ಕೂತಲ್ಲೇ ಇದ್ದರು. ಏದುಸಿರು ಬಿಡುತ್ತ ಬಂದ ಅತ್ತೆಯ ಮುಖ ನೋಡಿದರು.

"ಇವತ್ತಿಂದ ಉಪ್ಪು ಹಾಕು" ಎಂದರು.